ಪ್ರತಿಕ್ರಿಯೆ: ಒತ್ತಕ್ಷರ ಬಂದರೆ ಮಗಳು ತಡವರಿಸುತ್ತಾಳೆ
ಏಳು ವರ್ಷದ ಮಗಳಿಗೆ ಕಾಗುಣಿತವೆಲ್ಲ ಬರುತ್ತದೆ, ಆದರೆ 'ಆಸ್ತಿ'ಯನ್ನು 'ಆಸಿತ' ಅಂತ ಓದುತ್ತಾಳೆ ಎಂದಿದ್ದೀರಿ. ಇದು ಬಹುಶಃ ಗಮನದ ಕೊರತೆ ಅಲ್ಲ. ಗುಡಿಸು ಅಂಟಿರುವುದು ಮೇಲಿನ 'ಸ'ಗೆ, ಅದರ ದನಿ ಬರುವುದು ಕೆಳಗಿನ 'ತ' ಆದ ಮೇಲೆ. ಅವಳು ಕಂಡಂತೆ ಓದುತ್ತಿದ್ದಾಳೆ, ಪಾಪ! ನನ್ನ ಮಗನೂ ಇಲ್ಲೇ ಎಡವುತ್ತಿದ್ದ.

ಮೊದಲು ಪುಸ್ತಕ ಮುಚ್ಚಿಡಿ. 'ಆಸ್, ತಿ' ಅಂತ ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿಸಿ. ಆಮೇಲೆ ಸ್ಲೇಟಿನಲ್ಲಿ ಸ್ + ತಿ ಬರೆದು, ಅವಳ ಕೈಯಲ್ಲೇ ಕೂಡಿಸಿ.

ಒತ್ತುಗಳನ್ನು ಒಟ್ಟಿಗೆ ತುರುಕಬೇಡಿ. ಅಕ್ಕ, ಅಪ್ಪ, ದೊಡ್ಡ ಮೊದಲು. ಅಲ್ಲಿ ಒತ್ತು ಅಂದರೆ ತಲೆಕಟ್ಟು ತೆಗೆದ ಅದೇ ಅಕ್ಷರ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಬೇರೆಯದೇ ರೂಪ. ಅತ್ತೆ, ಅನ್ನ, ಅಮ್ಮ, ಅಯ್ಯೋ, ಚಕ್ರ, ಹಲ್ಲು ಅಂತ ಎರಡು ದಿನಕ್ಕೊಂದು ಸಾಕು. 'ಸೂರ್ಯ'ದ ಅರ್ಕಾವತ್ತು ಕೊನೆಗಿರಲಿ: ಆ 'ರ್' ಗುರುತನ್ನು ಬರೆಯುವುದು 'ಯ' ಆದ ಮೇಲೆ, ಓದುವುದು 'ಯ'ಗಿಂತ ಮೊದಲು.

ದಿನಕ್ಕೆ ಹತ್ತು ನಿಮಿಷ, ಜಾಸ್ತಿ ಬೇಡ. ಬಿಡಿ ಅಕ್ಷರಗಳೂ ಅದಲುಬದಲಾಗುತ್ತಿದ್ದರೆ ಕಾರಣ ಬೇರೆ ಇರಬಹುದು. ಆಗ ಕಣ್ಣು ತೋರಿಸಿ, ಟೀಚರ್ ಹತ್ತಿರವೂ ಮಾತಾಡಿ.