ಚಿತ್ರ ಬಾರದವರ ಸ್ಟೋರಿಬೋರ್ಡ್

ಪ್ರಶ್ನೆ: ಕಿನ್ನಾಳ ಗೊಂಬೆ ಮಾಡುವ ಅಪ್ಪ, ಮಗನ ಮೇಲೆ ಎಂಟು ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಶೂಟಿಂಗಿಗೆ ಇರುವುದು ಎರಡೇ ದಿನ. ಚಿತ್ರ ಬಿಡಿಸಲು ಯಾರಿಗೂ ಬರದಿದ್ದರೂ, ಪ್ರತಿ ಶಾಟನ್ನೂ (ಕ್ಯಾಮೆರಾ ಒಮ್ಮೆಗೆ ತೆಗೆಯುವ ತುಣುಕು) ಮೊದಲೇ ಬರೆದಿಡುವ ಸ್ಟೋರಿಬೋರ್ಡಿನಲ್ಲಿ ಶಾಟಿಗೊಂದರಂತೆ 140 ಚೌಕ ತುಂಬಿಸಿದ್ದೇವೆ. ಒಂದು ದೃಶ್ಯ ತೆಗೆದು ಜೋಡಿಸಿ ನೋಡಿದರೆ, ಎದುರುಬದುರು ಕೂತ ಇಬ್ಬರೂ ಒಂದೇ ಕಡೆ ನೋಡುತ್ತ ಮಾತಾಡಿದಂತಿದೆ. ಎಲ್ಲಿ ಎಡವಿದ್ದೇವೆ?
– ಪತ್ರಿಕೋದ್ಯಮ ವಿದ್ಯಾರ್ಥಿಗಳು, ಕೊಪ್ಪಳ

ಉತ್ತರ: ನೆಲದ ನಕ್ಷೆ ಹಾಕದೆ ನೇರ ಚೌಕಕ್ಕೆ ಕೈಹಾಕಿದ್ದೀರಿ. ಮೊದಲು ಕೋಣೆಯನ್ನು ಮಾಳಿಗೆ ಮೇಲಿಂದ ಇಣುಕಿದಂತೆ ಬರೆಯಿರಿ: ಬಾಗಿಲು, ಕಿಟಕಿ, ಅಪ್ಪ, ಮಗ. ಇಬ್ಬರನ್ನೂ ಸೇರಿಸಿ ಒಂದು ಗೆರೆ ಎಳೆಯಿರಿ. ಕ್ಯಾಮೆರಾ ಎಷ್ಟು ಕಡೆ ಇಟ್ಟರೂ ಗೆರೆಯ ಒಂದೇ ಮಗ್ಗುಲಲ್ಲಿರಬೇಕು. 180 ಡಿಗ್ರಿ ನಿಯಮ ಎನ್ನುವುದು ಇದನ್ನೇ. ಗೆರೆ ದಾಟಿದ ಶಾಟಿನಲ್ಲಿ ಎಡಕ್ಕಿದ್ದ ಮಗನ ಮುಖ ಬಲಕ್ಕೆ ತಿರುಗಿಬಿಡುತ್ತದೆ. ದಾಟಲೇಬೇಕೆಂದರೆ ನಡುವೆ ಅಪ್ಪನ ಕೈಯಷ್ಟೇ ಕಾಣುವ ಒಂದು ಶಾಟ್ ಇಡಿ.

ಕಡ್ಡಿ ಗೊಂಬೆ ಸಾಕು. ಆದರೆ ತಲೆಯ ಮೇಲೆ ಎಷ್ಟು ಜಾಗ, ಚೌಕದ ಅಂಚು ಎದೆಗೋ ಸೊಂಟಕ್ಕೋ ಎಂಬುದು ಕಾಣಬೇಕು. ದುಂಡು ತಲೆಗೆ ಮೂಗಿನದೊಂದು ಗೀಟು ಹಾಕಿ, ನೋಟ ಯಾವ ಕಡೆ ಎಂದು ಅದೇ ಹೇಳುತ್ತದೆ. ನಿಮ್ಮ ತಪ್ಪು ಆ ಗೀಟಿನಲ್ಲೇ ಸಿಕ್ಕಿಬೀಳುತ್ತಿತ್ತು!

ಎ4 ಹಾಳೆಯಲ್ಲಿ 8 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಆರು ಚೌಕ ಹಿಡಿಸುತ್ತವೆ. ಅಳತೆ ವಿಡಿಯೋದ ಅಗಲ-ಎತ್ತರದ ಅನುಪಾತವಾದ 16:9ಕ್ಕೆ ಸರಿಯಾಗುತ್ತದೆ. ಕೆಳಗೆ ಶಾಟ್ ಸಂಖ್ಯೆ, ಮಾತಿನ ಮೊದಲೆರಡು ಪದ, ಸೆಕೆಂಡು ಬರೆಯಲು 3 ಸೆಂ.ಮೀ. ಬಿಡಿ. ಪಾತ್ರ ನಡೆಯುವ ಬಾಣ ಚೌಕದ ಒಳಗೆ, ಕ್ಯಾಮೆರಾ ತಿರುಗುವ ಬಾಣ ಹೊರಗೆ. ಎರಡೂ ಬೆರೆತರೆ ಮಗ ನಡೆಯಬೇಕಾದಲ್ಲಿ ಕ್ಯಾಮೆರಾ ತಿರುಗಿ ಕೂರುತ್ತದೆ.

ಇನ್ನು ಲೆಕ್ಕ. 480 ಸೆಕೆಂಡಿಗೆ 140 ಶಾಟ್ ಎಂದರೆ ಒಂದೊಂದಕ್ಕೆ ಮೂರೂವರೆ ಸೆಕೆಂಡೂ ಇಲ್ಲ. ದಿನಕ್ಕೆ 70 ಶಾಟ್ ನಿಮ್ಮ ಕೈಲಾಗದು. ಕೈಕೆಲಸದ ಕಥೆಗೆ ಈ ಅವಸರ ಒಗ್ಗುವುದೂ ಇಲ್ಲ. ಗೊಂಬೆಗೆ ಹುಣಸೆ ಬೀಜದ ಅಂಟು ಬಳಿಯುವ ಬೆರಳನ್ನು 15 ಸೆಕೆಂಡು ನೋಡಗೊಡಿ. ಚೌಕಗಳನ್ನು ಬಿಡಿ ಚೀಟಿ ಮಾಡಿ ಹರಡಿಕೊಂಡು, ತೆಗೆದರೂ ಕಥೆ ತಿಳಿಯುವುದನ್ನೆಲ್ಲ ತೆಗೆಯುತ್ತ 60ಕ್ಕೆ ಇಳಿಸಿ. ಉಳಿದದ್ದರ ಫೋಟೋಗಳನ್ನು ಬರೆದ ಸೆಕೆಂಡಿನಷ್ಟೇ ಉದ್ದಕ್ಕೆ ಮೊಬೈಲಿನಲ್ಲಿ ಜೋಡಿಸಿ, ನಿಮ್ಮದೇ ದನಿಯಲ್ಲಿ ಮಾತು ಸೇರಿಸಿ ನೋಡಿ. ಎಲ್ಲಿ ಎಳೆಯುತ್ತದೆಂದು ಗೊತ್ತಾಗುತ್ತದೆ. ಶೂಟಿಂಗ್ ಮಾತ್ರ ಕಥೆಯ ಕ್ರಮದಲ್ಲಿ ಬೇಡ. ಕ್ಯಾಮೆರಾ ಒಂದೇ ಜಾಗದಲ್ಲಿರುವ ಶಾಟ್‌ಗಳನ್ನು ಒಟ್ಟಿಗೆ ಮುಗಿಸಿ. ಕಿಟಕಿ ಬೆಳಕು ಬೇಕಾದ ಚೀಟಿಯ ಮೇಲೆ ಹೊತ್ತನ್ನೂ ಬರೆದಿಡಿ.

ಪ್ರಶ್ನೆ: ಸ್ಟೋರಿಬೋರ್ಡಿನ ಚಿತ್ರ ಬರೆಯುವ ಬದಲು ರಾಯಚೂರು ಕೋಟೆಯಲ್ಲಿ ಮೊಬೈಲ್ ಫೋಟೋ ತೆಗೆದು ಅಂಟಿಸಿದರೆ ನಡೆಯುತ್ತದೆಯೇ?
– ಪದವಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಧಾರಾಳವಾಗಿ. ಆದರೆ ಮೊಬೈಲ್ ಫೋಟೋ ಸಾಮಾನ್ಯವಾಗಿ 4:3, ವಿಡಿಯೋ 16:9. ಫೋಟೋದಲ್ಲಿದ್ದ ಆಕಾಶ, ಪಾದ ಎರಡೂ ಶೂಟಿಂಗ್ ದಿನ ಮಾಯವಾಗುತ್ತವೆ. ಅಲುಗಾಟ ತಡೆಯುವ ಸೌಲಭ್ಯ ಆನ್ ಇದ್ದರೆ ಅಂಚು ಇನ್ನಷ್ಟು ಕತ್ತರಿಸಬಹುದು. ಹಾಗಾಗಿ ವಿಡಿಯೋದಲ್ಲೇ ಚಿತ್ರೀಕರಿಸಿ, ಅದರಿಂದ ಚಿತ್ರ ತೆಗೆಯಿರಿ. ಪಾತ್ರದ ಜಾಗದಲ್ಲಿ ಗೆಳತಿಯನ್ನು ನಿಲ್ಲಿಸಿ. ಕೋಟೆಗೋಡೆಯಲ್ಲಿ 1294ರ ಶಾಸನವಿರುವ ಆ ಉದ್ದನೆಯ ಕಲ್ಲಿನ ಮುಂದೆ ಮನುಷ್ಯರಿಲ್ಲದಿದ್ದರೆ ಅಳತೆಯೇ ತಿಳಿಯುವುದಿಲ್ಲ.