ಡಿಮೆನ್ಶಿಯಾ ಇರುವವರ ಮನೆಗೆ ಜನ ಬರುವುದನ್ನೇ ಬಿಟ್ಟಾಗ ಏನು ಮಾಡಬೇಕು?

ತಂದೆಯವರಿಗೆ ಡಿಮೆನ್ಶಿಯಾ, ಅಂದರೆ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಅಂತ ಗೊತ್ತಾದ ಮೇಲೆ ನೆಂಟರು, ಸ್ನೇಹಿತರು ಬರುವುದನ್ನೇ ಬಿಟ್ಟರು, ಎಲ್ಲಾ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ, ಸಹಾಯ ಹೇಗೆ ಕೇಳಲಿ ಅಂತ ಬರೆದಿದ್ದೀರಿ. ನನ್ನ ಅಮ್ಮನಿಗೂ ಡಿಮೆನ್ಶಿಯಾದ ಒಂದು ಬಗೆಯಾದ ಆಲ್‌ಝೈಮರ್ಸ್ ಇತ್ತು. ಕೊನೆಯವರೆಗೂ ಮನೆಯಲ್ಲೇ ನೋಡಿಕೊಂಡೆವು. ನನಗೆ ಕಂಡಂತೆ, ಜನ ದೂರ ಆಗುವುದು ಹೆಚ್ಚಾಗಿ ಪ್ರೀತಿ ಇಲ್ಲದೆ ಅಲ್ಲ. ಬಂದು ಏನು ಮಾತಾಡಬೇಕು ಅಂತ ತಿಳಿಯದೆ. ಅದನ್ನು ನಾವೇ ಹೇಳಿಕೊಡಬೇಕಾಗುತ್ತದೆ. ಇಷ್ಟೆಲ್ಲಾ ಕೆಲಸದ ಮಧ್ಯೆ ಇದೂ ನನ್ನ ತಲೆಗೇ ಬಂತಲ್ಲ ಅಂತ ಬೇಜಾರಾಗುತ್ತದೆ, ನಿಜ. ಆದರೂ ಹೇಳಿಕೊಡಿ.

ಬಂದವರು ಮೊದಲು ಕೇಳುವುದೇ "ನಾನ್ಯಾರು ಹೇಳಿ ನೋಡೋಣ?" ಅಂತ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಅದು ಪರೀಕ್ಷೆ ಅಲ್ವಾ? ಅಮ್ಮ ಉತ್ತರ ಸಿಗದೆ ನನ್ನ ಮುಖ ನೋಡುತ್ತಿದ್ದಳು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಲು ಶುರು ಮಾಡುತ್ತಿದ್ದಳು. ಆಮೇಲೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಅದಕ್ಕೇ ಬಾಗಿಲಲ್ಲೇ ಹೇಳುತ್ತಿದ್ದೆ: ನಿಮ್ಮ ಹೆಸರು ನೀವೇ ಹೇಳಿ. ಎದುರಿಗೆ ಕೂತು ನಿಧಾನವಾಗಿ ಮಾತಾಡಿ. ತಪ್ಪು ಹೇಳಿದರೆ ತಿದ್ದಬೇಡಿ. ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಮೊದಲ ಸಲದ ಹಾಗೇ ಉತ್ತರ ಕೊಡಿ.

ಪಕ್ಕದ ಮನೆಯವರೊಬ್ಬರು ಮಾತೇ ಆಡದೆ ಅಮ್ಮನ ಜೊತೆ ಒಗೆದ ಬಟ್ಟೆ ಮಡಚುತ್ತಾ ಕೂರುತ್ತಿದ್ದರು. ಮಡಚಿದ್ದನ್ನೇ ಬಿಡಿಸುವುದು, ಮತ್ತೆ ಮಡಚುವುದು. ಅವರು ಹೋದ ಮೇಲೆ, ಬಂದಿದ್ದು ಯಾರು ಅಂತ ಅಮ್ಮನಿಗೆ ನೆನಪಿರುತ್ತಿರಲಿಲ್ಲ. ಮುಖ ಮಾತ್ರ ತುಂಬಾ ಹೊತ್ತು ತಿಳಿಯಾಗಿರುತ್ತಿತ್ತು. ಘಟನೆ ಮರೆತರೂ ಅದರಿಂದ ಆದ ಖುಷಿ, ನೋವು ಉಳಿದುಕೊಳ್ಳುತ್ತದೆ. "ಹೇಗೂ ಅವರಿಗೆ ನೆನಪಿರಲ್ಲ, ಬಂದು ಏನು ಪ್ರಯೋಜನ" ಅನ್ನುವವರಿಗೆ ಇದನ್ನು ತಪ್ಪದೆ ಹೇಳಿ.

ಜಪಾನಿನಲ್ಲಿ ಇದನ್ನೇ ದೇಶದ ಮಟ್ಟದಲ್ಲಿ ಮಾಡಿದ್ದಾರೆ. 2005ರಲ್ಲಿ ಶುರು ಮಾಡಿ, ಅಂಗಡಿಯವರು, ಬ್ಯಾಂಕಿನವರು, ಶಾಲಾ ಮಕ್ಕಳು ಹೀಗೆ 1 ಕೋಟಿಗೂ ಜಾಸ್ತಿ ಜನರಿಗೆ ಈ ಕಾಯಿಲೆ ಬಗ್ಗೆ ಪಾಠ ಹೇಳಿದ್ದಾರೆ. ಸುಮಾರು ಒಂದೂವರೆ ಗಂಟೆಯ ಪಾಠ, ಅಷ್ಟೇ. ಕಲಿಯುವುದಕ್ಕೆ ಅಷ್ಟು ಸಾಕು ಅನ್ನುವುದೇ ನನಗೆ ಧೈರ್ಯ ಕೊಡುವ ವಿಷಯ.

"ಏನಾದ್ರೂ ಬೇಕಾದ್ರೆ ಹೇಳಿ" ಅನ್ನುವವರಿಗೆ ಕೆಲಸ, ದಿನ, ಹೊತ್ತು ಮೂರನ್ನೂ ಹೇಳಿ. "ಶನಿವಾರ ಸಂಜೆ ಐದಕ್ಕೆ ಬಂದು ಅಪ್ಪನ ಜೊತೆ ಒಂದು ಗಂಟೆ ಕೂತಿರ್ತೀರಾ?" ಅಂದರೆ ಒಪ್ಪುವುದು ಸುಲಭ. ಸಂಜೆ ಹೊತ್ತೇ ಕೇಳಿ. ಡಿಮೆನ್ಶಿಯಾ ಇರುವ ಬಹಳ ಜನರಿಗೆ ಕತ್ತಲಾಗುವಾಗ ಗೊಂದಲ, ಚಡಪಡಿಕೆ ಜಾಸ್ತಿ. ಅಷ್ಟೊತ್ತಿಗೆ ನೀವೂ ದಣಿದಿರುತ್ತೀರಿ. ಅಕ್ಕಪಕ್ಕದವರಿಗೆ, ಹತ್ತಿರದ ಅಂಗಡಿಯವರಿಗೆ ತಂದೆಯವರ ಫೋಟೋ, ನಿಮ್ಮ ನಂಬರ್ ಕೊಟ್ಟಿರಿ. ಒಬ್ಬರೇ ಹೊರಟು ದಾರಿ ತಪ್ಪಿದರೆ ಮೊದಲು ಫೋನ್ ಮಾಡುವವರು ಅವರೇ. ಮುಚ್ಚಿಡುವುದರಿಂದ ಮರ್ಯಾದೆ ಉಳಿಯುವುದಿಲ್ಲ, ಅಪಾಯ ಹೆಚ್ಚುತ್ತದೆ.

ಇನ್ನೊಂದು, ಇದೇ ಕಷ್ಟದಲ್ಲಿರುವವರ ಗುಂಪು ಹುಡುಕಿ. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 1997ರಲ್ಲಿ ಆಲ್‌ಝೈಮರ್ ಕೆಫೆ ಅಂತ ಶುರುವಾಯಿತು. ಕಾಯಿಲೆ ಇರುವವರು, ನೋಡಿಕೊಳ್ಳುವವರು ಇಬ್ಬರೂ ಒಟ್ಟಿಗೆ ಬಂದು ಕೂತು ಮಾತಾಡುವ ಜಾಗ. ಆಮೇಲೆ ಹಲವು ದೇಶಗಳಿಗೆ ಹರಡಿತು. "ಇವತ್ತು ಅಪ್ಪ ನನ್ನ ಮೇಲೆ ಕೈ ಎತ್ತಿದರು, ನಾನೂ ಕೂಗಾಡಿಬಿಟ್ಟೆ" ಅಂತ ಅಂಥ ಕಡೆ ಮಾತ್ರ ಹೇಳಿಕೊಳ್ಳಲು ಆಗುವುದು. ಹತ್ತಿರ ಗುಂಪು ಇಲ್ಲದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ 'ಐ-ಸಪೋರ್ಟ್' ನೋಡಿ. ನೋಡಿಕೊಳ್ಳುವವರಿಗೆಂದೇ ಮಾಡಿದ ತರಬೇತಿ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಸುಮ್ಸುಮ್ನೆ ಅಳು ಬರುತ್ತಿದ್ದರೆ ನಿಮಗಾಗಿಯೇ ಡಾಕ್ಟರ ಹತ್ತಿರ ಹೋಗಿ. ನೋಡಿಕೊಳ್ಳುವವರಲ್ಲಿ ಖಿನ್ನತೆ ಜಾಸ್ತಿ. ಅದಕ್ಕೆ ಚಿಕಿತ್ಸೆ ಇದೆ.

ತಂದೆಯವರು ಇನ್ನೂ ಚೆನ್ನಾಗಿ ಮಾತಾಡುತ್ತಾರೆ ಅಂದಿದ್ದೀರಿ. ಹಾಗಿದ್ದರೆ ಯಾರಿಗೆ ತಿಳಿಸಬಹುದು, ಯಾರು ಬಂದರೆ ಇಷ್ಟ ಅಂತ ಅವರನ್ನೇ ಕೇಳಿ. ಅವರು ಹೇಳುವ ಹೆಸರುಗಳಿಂದಲೇ ಶುರು ಮಾಡಿ.