ಗ್ಯಾಟನ್‌ನಲ್ಲಿ ಆಳು ಅಂದರೆ ನಾವೇ

ತಂಗಿ,

ನಿಮ್ಮ ಪತ್ರ ಓದಿದೆ. ರಾಯಚೂರಿನಲ್ಲಿ ಕೀಟಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಕಡಲೆಯ ಕಾಯಿಕೊರಕದ ಮೇಲೆ ಪಿಎಚ್.ಡಿ. ಮಾಡಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಗ್ಯಾಟನ್ ಕ್ಯಾಂಪಸ್ಸಿಗೆ ಬರುತ್ತಿದ್ದೀರಿ. ಚಳಿ ಹೇಗೆ, ಮನೆ ಎಲ್ಲಿ, ಜೋಳದ ಹಿಟ್ಟು ಸಿಗುತ್ತದಾ, ಜನ ಹೇಗೆ ಅಂತೆಲ್ಲ ಕೇಳಿ, ಕೊನೆಗೆ ಪ್ರಯೋಗದ ಹೊಲದ ಬಗ್ಗೆ ಒಂದೇ ಸಾಲಿನಲ್ಲಿ "ಟ್ರಯಲ್ ಪ್ಲಾಟಿಗೆ ಆಳು ಯುನಿವರ್ಸಿಟಿಯವರೇ ಕೊಡ್ತಾರಾ?" ಅಂದಿದ್ದೀರಿ. ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮೊದಲ ವರ್ಷ ನಾನು ಮುಗ್ಗರಿಸಿದ್ದು ಅಲ್ಲೇ.

ಕೊಡುವುದಿಲ್ಲ. ಬೀಜ ಎಣಿಸಿ ಪೊಟ್ಟಣ ಕಟ್ಟುವುದು, ಗೂಟ ಹೊಡೆಯುವುದು, ಕಳೆ ಕೀಳುವುದು, ಕೊಯ್ಯುವುದು, ಬಡಿಯುವುದು, ಕೊನೆಗೆ ಕುಂಡ ತೊಳೆಯುವುದು, ಎಲ್ಲ ನೀವೇ. ದೊಡ್ಡ ಯಂತ್ರ ಓಡಿಸುವವರು ಫಾರ್ಮಿನಲ್ಲಿ ಇದ್ದಾರೆ, ಆದರೆ ಅವರ ದಿನ ವಾರಗಳ ಮುಂಚೆಯೇ ಹಂಚಿಹೋಗಿರುತ್ತದೆ. ನಮ್ಮಲ್ಲಿ ಎಂ.ಎಸ್ಸಿ. ಮಾಡುವಾಗ ಬದುವಿನ ಮೇಲೆ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕೆಳಗೆ ನಾಲ್ಕು ಹೆಣ್ಣಾಳು ಕಳೆ ತೆಗೆಯುತ್ತಿದ್ದರು. ಅದೇ ಗುಂಗಿನಲ್ಲಿ ಇಲ್ಲಿ ಬಂದ ಮೊದಲ ಬೇಸಿಗೆ, ಪ್ಲಾಟಿನಲ್ಲಿ ಹುಲ್ಲು ಮೊಳಕಾಲೆತ್ತರ ಬಂದರೂ ಯಾರೋ ಬರುತ್ತಾರೆ ಅಂತ ಕಾದೆ. ಒಂದು ಶನಿವಾರ ನನ್ನ ಗೈಡ್, ಅರವತ್ತರ ಹತ್ತಿರದ ಮನುಷ್ಯ, ಅಗಲ ಟೊಪ್ಪಿಗೆ ಹಾಕಿಕೊಂಡು ಗುದ್ದಲಿ ಹಿಡಿದು ಬಂದು ನನ್ನ ಸಾಲಿನ ಆ ತುದಿಯಿಂದ ಕಳೆ ತೆಗೆಯತೊಡಗಿದರು. ಒಂದು ಮಾತೂ ಬೈಯಲಿಲ್ಲ. ನನಗೆ ಮುಖ ಎಲ್ಲಿಡಬೇಕು ತಿಳಿಯಲಿಲ್ಲ. ಸೋಮವಾರ ಹೋಗಿ ನನ್ನದೇ ಒಂದು ಗುದ್ದಲಿ ಕೊಂಡೆ. ಅದು ಈಗಲೂ ಗ್ಯಾರೇಜಿನಲ್ಲಿದೆ.

ಇದನ್ನು ಕೇಳಿ ಹೆದರಬೇಡಿ. ನೀವು ಎರೆಸೀಮೆಯವರು, ಈ ನೆಲ ನಿಮಗೆ ಗೊತ್ತಿರುವ ನೆಲವೇ. ಗ್ಯಾಟನ್ ಇರುವ ಲಾಕಿಯರ್ ಕಣಿವೆಯಲ್ಲಿ ಕರಿಮಣ್ಣು, ಘಾಟಿ ಹತ್ತಿ ಟೂವೂಂಬಾ ದಾಟಿದರೆ ಡಾರ್ಲಿಂಗ್ ಡೌನ್ಸ್ ಬಯಲು ತುಂಬ ಕರಿಮಣ್ಣು. ಒಣಗಿದಾಗ ಕೈ ತೂರುವಷ್ಟು ಬಿರುಕು, ನೆನೆದಾಗ ಚಪ್ಪಲಿ ಕಿತ್ತುಕೊಳ್ಳುವ ಅಂಟು. ನವಲಗುಂದದ ನಮ್ಮ ಹೊಲವನ್ನೇ ಎಳೆದು ಹಾಸಿದ ಹಾಗೆ. ಬೇಸಾಯದ ಲೆಕ್ಕವೂ ಒಂದೇ: ಮಳೆಗಾಲದ ನೀರನ್ನು ಮಣ್ಣು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಆ ತೇವದ ಮೇಲೆ ಚಳಿಗಾಲದ ಕಡಲೆ. ತಿಂಗಳು ಮಾತ್ರ ಉಲ್ಟಾ. ಇಲ್ಲಿ ಮಳೆ ಡಿಸೆಂಬರ್, ಜನವರಿಯಲ್ಲಿ, ಕಡಲೆ ಬಿತ್ತನೆ ಮೇ, ಜೂನ್‌ನಲ್ಲಿ, ಕೊಯ್ಲು ದೀಪಾವಳಿಯ ಆಸುಪಾಸು. ಮಳೆಯಾದ ಮರುದಿನ ಹೊಲಕ್ಕೆ ಗಾಡಿ ಇಳಿಸಬೇಡಿ ಅಂತ ನಾನು ಹೇಳಿದರೂ ಬ್ರಿಸ್ಬೇನ್ ಪೇಟೆಯಲ್ಲಿ ಬೆಳೆದ ಹುಡುಗನೊಬ್ಬ ಕೇಳಲಿಲ್ಲ. ಯೂಟ್ ಅಚ್ಚಿನವರೆಗೆ ಹೂತು, ಸಂಜೆ ಟ್ರ್ಯಾಕ್ಟರ್ ಬರುವವರೆಗೆ ಇಬ್ಬರೂ ಬಿಸ್ಕತ್ತು ತಿಂದುಕೊಂಡು ಕೂತೆವು. ಪಿಕಪ್ಪಿಗೆ ಇಲ್ಲಿ ಯೂಟ್ ಅನ್ನುತ್ತಾರೆ. ಗೇರ್ ಇರುವ ಗಾಡಿ ಓಡಿಸುವುದನ್ನು ಊರಲ್ಲೇ ಕಲಿತು ಬನ್ನಿ. ಇದು ಜಿ.ಆರ್.ಇ. ಪರೀಕ್ಷೆಗಿಂತ ಉಪಯೋಗದ ವಿದ್ಯೆ.

ನಿಮ್ಮ ಹುಳುವಿನ ವಿಷಯ. ಕಲಬುರಗಿಯ ತೊಗರಿಗೆ, ಗದಗದ ಕಡಲೆಗೆ ಬೀಳುವ ಅದೇ ಕಾಯಿಕೊರಕ, ಅಂದರೆ ಹೆಲಿಕೊವರ್ಪಾ ಆರ್ಮಿಜೆರಾ, ಇಲ್ಲೂ ದೊಡ್ಡ ಶತ್ರು. ನಮ್ಮ ಕಡೆ ತೊಗರಿ ಗಿಡ ಅಲುಗಿಸಿ ಕೆಳಗೆ ಹಾಸಿದ ಹಾಳೆಗೆ ಹುಳು ಉದುರಿಸುವುದನ್ನು ನೋಡಿದ್ದೀರಲ್ಲ? ಇಲ್ಲಿ ಅದಕ್ಕೆ ಬೀಟ್ ಶೀಟ್ ಅಂತ ಹೆಸರು. ಹಳದಿ ತಾಡಪಾಲನ್ನು ಸಾಲಿನ ಬುಡಕ್ಕೆ ಸರಿಸಿ, ಒಂದು ಮೀಟರ್ ಕೋಲಿನಿಂದ ಗಿಡಕ್ಕೆ ಹತ್ತು ಸಲ ಬಡಿದು, ಬಿದ್ದ ಹುಳುವನ್ನು ಗಾತ್ರದ ಪ್ರಕಾರ ಎಣಿಸುತ್ತಾರೆ. ನಾವು ಉದುರಿಸುವುದು ಕೊಲ್ಲುವುದಕ್ಕೆ, ಇವರು ಉದುರಿಸುವುದು ಎಣಿಸುವುದಕ್ಕೆ. ಚದರ ಮೀಟರಿಗೆ ಎಷ್ಟು ಹುಳು, ಅವು ತಿನ್ನುವ ಕಾಳಿನ ಬೆಲೆ ಎಷ್ಟು, ಸಿಂಪಡಣೆಯ ಖರ್ಚು ಎಷ್ಟು ಅಂತ ತೂಗಿ ನೋಡದೆ ಇಲ್ಲಿ ಯಾರೂ ಸ್ಪ್ರೇಗೆ ಕೈ ಹಾಕುವುದಿಲ್ಲ. ಹುಳುವಿಗೆ ರೋಗ ತಂದು ಕೊಲ್ಲುವ ಎನ್‌ಪಿವಿ ವೈರಸ್ ಇಲ್ಲಿ ಡಬ್ಬಿಯಲ್ಲಿ ಮಾರುವ ಮಾಮೂಲಿ ಸರಕು, ಜೋಳದಲ್ಲಂತೂ ಬಹಳ ಬಳಕೆ. ಆದರೆ 13 ಮಿ.ಮೀ. ದಾಟಿದ ಹುಳುವಿಗೆ ಅದನ್ನು ನಂಬಿ ಕೂರುವ ಹಾಗಿಲ್ಲ. ಅದಕ್ಕೇ ಈ ಎಣಿಕೆ, ಈ ಅಳತೆ. ನಿಮ್ಮ ಮೊದಲ ಆರು ತಿಂಗಳು ಬಹುಶಃ ಆ ಹಳದಿ ಹಾಳೆಯ ಮೇಲೆ ಬಗ್ಗಿಕೊಂಡೇ ಕಳೆಯುತ್ತದೆ.

ಒಂದು ಮಾತು, ತೊಗಲಿನ ಬೂಟು ತರಬೇಡಿ. ನಮ್ಮ ಅಜ್ಜಿ ನಸುಕಿನಲ್ಲಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ ಹುಳಿ ಹಿಂಡಿ ಶೀಸೆಯಲ್ಲಿ ಇಡುತ್ತಿದ್ದಳು, ಹೊಟ್ಟೆನೋವಿಗೆ ಅಂತ. ಅದೇ ಹುಳಿ ಇಲ್ಲಿ ಬೂಟು ತಿನ್ನುತ್ತದೆ. ಕಡಲೆಹೊಲ ತಿರುಗುವ ಅಗ್ರಾನಮಿಸ್ಟ್‌ಗಳು, ಅಂದರೆ ಬೆಳೆ ತಜ್ಞರು, ಎಲ್ಲರೂ ಬಯ್ಯುವುದು ಇದನ್ನೇ. ಅಜ್ಜಿಯ ಶೀಸೆಯ ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಇಂಥವನ್ನು ಹೇಳಲು ಸಂಕೋಚ ಬೇಡ. ನಾನು ನಾಲ್ಕು ವರ್ಷ ಸುಮ್ಮನಿದ್ದು ಕೆಟ್ಟೆ.

ಕಳೆಯ ವಿಭಾಗದವರು ನಿಮ್ಮ ಪಕ್ಕದ ಬೆಂಚಿನಲ್ಲೇ ಇರುತ್ತಾರೆ, ಅವರೊಂದಿಗೆ ಚಹಾ ಕುಡಿಯಿರಿ. ಇಲ್ಲಿಯ ರೈತರು ಉಳುಮೆ ಬಿಟ್ಟು ಬಹಳ ಕಾಲವಾಯಿತು. ಕೂಳೆ ಹಾಗೇ ಬಿಟ್ಟು ನಡುವೆ ಬಿತ್ತುತ್ತಾರೆ, ತೇವ ಉಳಿಯುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ. ಒಳ್ಳೆಯದೇ. ಆದರೆ ಕುಂಟೆ ಹೋದ ಮೇಲೆ ಕಳೆಗೆ ಉಳಿದ ಮುಖ್ಯ ಮದ್ದು ಗ್ಲೈಫೊಸೇಟ್. ವರ್ಷ ವರ್ಷ ಅದನ್ನೇ ಹೊಡೆದೂ ಹೊಡೆದೂ ಅದಕ್ಕೆ ಜಗ್ಗದ ಕಳೆಗಳು ಎದ್ದವು. ಫ್ಲೀಬೇನ್ ಅನ್ನುವುದೊಂದಿದೆ, ಬೀಜ ಗಾಳಿಯಲ್ಲಿ ಹಾರಿಕೊಂಡು ಬಂದು ಮಣ್ಣಿನ ಮೇಲ್ಪದರದಲ್ಲೇ ಮೊಳೆಯುತ್ತದೆ. ಉಳದ ಹೊಲ ಅದಕ್ಕೆ ಹಾಸಿಕೊಟ್ಟ ಹಾಸಿಗೆ. ಈಗ ಕ್ಯಾಮೆರಾ ಕಟ್ಟಿದ ಸ್ಪ್ರೇಯರ್ ಹಸಿರು ಕಂಡಲ್ಲಿ ಮಾತ್ರ ಉಗುಳಿಕೊಂಡು ಹೋಗುತ್ತದೆ. ಅದೂ ಸಾಲದಾದಾಗ ಕೆಲವು ವರ್ಷಕ್ಕೊಮ್ಮೆ ಒಂದು ಸಲ ಉತ್ತರೆ ಹೇಗೆ ಅಂತ ಟ್ರಯಲ್ ಮಾಡುತ್ತಾರೆ, ಅದಕ್ಕೆ ಸ್ಟ್ರಾಟೆಜಿಕ್ ಟಿಲೇಜ್ ಅಂತ ದೊಡ್ಡ ಹೆಸರು. ಮೊದಲ ಸಲ ಆ ಸೆಮಿನಾರಿನಲ್ಲಿ ಕೂತಾಗ ನನಗೆ ನಮ್ಮಪ್ಪನ ಕುಂಟೆ ನೆನಪಾಗಿ ನಗು ತಡೆಯಲಾಗಲಿಲ್ಲ.

ಕಾಂಗ್ರೆಸ್ ಗಿಡವನ್ನೂ ಇಲ್ಲಿ ನೋಡುತ್ತೀರಿ. ಪಾರ್ಥೇನಿಯಂ ಮಧ್ಯ ಕ್ವೀನ್ಸ್‌ಲ್ಯಾಂಡಿನ ಹುಲ್ಲುಗಾವಲಿಗೆ ಬಂದದ್ದು 1960ರ ಹೊತ್ತಿಗೆ, ಟೆಕ್ಸಾಸ್‌ನಿಂದ ತರಿಸಿದ ಹುಲ್ಲಿನ ಬೀಜದಲ್ಲಿ ಬೆರೆತು. ಅದನ್ನು ತಿನ್ನಲು ಮೆಕ್ಸಿಕೊದ ಜೈಗೊಗ್ರಾಮಾ ದುಂಬಿಯನ್ನು ಇಲ್ಲಿ ಬಿಟ್ಟದ್ದು 1980ರಲ್ಲಿ, ಬೆಂಗಳೂರಿನಲ್ಲಿ ಬಿಟ್ಟದ್ದು 1984ರಲ್ಲಿ. ವ್ಯತ್ಯಾಸ ಇರುವುದು ಜನ ಅದನ್ನು ಕಾಣುವ ರೀತಿಯಲ್ಲಿ. ನಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಸುತ್ತ ಸೊಂಟದೆತ್ತರ ಬೆಳೆದರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ಇಲ್ಲಿ ಕಳೆ ಇರುವ ಜಾಗದಿಂದ ಬಂದ ಗಾಡಿಯ ತಳ ತೊಳೆಯುವುದಕ್ಕೇ ರಸ್ತೆ ಪಕ್ಕದಲ್ಲಿ ಕಟ್ಟೆಗಳಿವೆ. ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹೋಗುವಾಗ ಬೂಟಿನ ಮಣ್ಣು ಕೆರೆದು ತೊಳೆಯದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಅದೇ ಕಾರಣಕ್ಕೆ ಸೂಟ್‌ಕೇಸಿನ ಮಾತು. ಬಿತ್ತನೆ ಬೀಜ, ಕರಿಬೇವು, ಮರದ ಸಾಮಾನು, ಅಮ್ಮ ಕಟ್ಟಿಕೊಟ್ಟ ಏನೇ ಇರಲಿ, ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆದು ತೋರಿಸಿ. ತೋರಿಸಿದ್ದನ್ನು ಬಿಟ್ಟರೆ ಸಂತೋಷ, ಕಿತ್ತುಕೊಂಡರೂ ಪರವಾಗಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಜೋರು. ಕೀಟಶಾಸ್ತ್ರ ಓದಲು ಬರುವವರು ಕೀಟ ಹೊತ್ತು ತಂದರು ಅನ್ನಿಸಿಕೊಳ್ಳುವುದು ಬೇಡ.

ಮೇವಿನ ಕಡೆಯ ಗೆಳೆಯರು ಸಿಕ್ಕರೆ ಸುಬಾಬುಲ್ ಬಗ್ಗೆ ಕೇಳಿ. ಇಲ್ಲಿ ಅದು ಲ್ಯೂಸಿನಾ, ದನ ಕೊಬ್ಬಿಸುವ ಮೇವು. ಅದರ ರಸ ಹೀರುವ ಸೈಲಿಡ್ ಹೇನಿಗೆ ಬಗ್ಗದ ರೆಡ್‌ಲ್ಯಾಂಡ್ಸ್ ತಳಿ ತಯಾರಾದದ್ದು ನಿಮ್ಮ ವಿಶ್ವವಿದ್ಯಾಲಯದಲ್ಲೇ.

ರೈತರ ಮನೆಗೆ ಹೋದಾಗ ಸಿದ್ಧವಾಗಿರಿ, ಅವರು ದಿಲ್ಲಿಯ ಸುದ್ದಿ ಕೇಳುತ್ತಾರೆ. ಇಲ್ಲಿಯ ದೇಸಿ ಕಡಲೆಗೆ ನಮ್ಮ ದೇಶವೇ ದೊಡ್ಡ ಪೇಟೆ. 2017ರ ಕೊನೆಗೆ ಭಾರತ ಆಮದು ಸುಂಕ ಹಾಕಿ, ಮೂರೇ ತಿಂಗಳಲ್ಲಿ 60 ಶೇಕಡಕ್ಕೆ ಏರಿಸಿದಾಗ ಒಬ್ಬ ಅಜ್ಜ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟು, ಆ ಸುಂಕ ನಾನೇ ಹಾಕಿದ ಹಾಗೆ ಒಂದು ಗಂಟೆ ವಿಚಾರಿಸಿದ. ಗದಗದ ರೈತನಿಗೆ ಕಡಲೆ ಬೆಲೆ ಬಿದ್ದರೆ ಏನಾಗುತ್ತದೆ ಅಂತ ನಾನೂ ಹೇಳಿದೆ. ಹೊರಡುವಾಗ ಕುಂಬಳಕಾಯಿ ಕೊಟ್ಟು ಕಳಿಸಿದ. ಜನ ಹೇಗೆ ಅಂತ ಕೇಳಿದ್ದಿರಿ. ಹೀಗೆ. ಕೆಟ್ಟವರೂ ಸಿಗುತ್ತಾರೆ, ಹಂಗಿಸಿದವರೂ ಇದ್ದಾರೆ, ಆದರೆ ಹೊಲದಲ್ಲಿ ಕಡಿಮೆ.

ಉಳಿದದ್ದು ಬೇಗ ಹೇಳುತ್ತೇನೆ. ಗ್ಯಾಟನ್ ಸಣ್ಣ ಊರು, ಬ್ರಿಸ್ಬೇನಿಗೆ ಸುಮಾರು 90 ಕಿ.ಮೀ. ಕಾರಿಲ್ಲದೆ ಮೊದಲ ತಿಂಗಳುಗಳು ಕಷ್ಟ, ಕ್ಯಾಂಪಸ್ಸಿನ ಹತ್ತಿರವೇ ಮನೆ ಹಿಡಿಯಿರಿ. ಜುಲೈ ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟುತ್ತದೆ, ಮಧ್ಯಾಹ್ನ ಸ್ವೆಟರ್ ಬಿಚ್ಚುತ್ತೀರಿ. ಕಣಿವೆಯ ಬಾಡಿಗೆ ಮನೆ ನೋಡುವಾಗ ನೆರೆ ಬಂದಿತ್ತಾ ಅಂತ ಕೇಳಿ. 2011ರ ಜನವರಿಯ ಪ್ರವಾಹದಲ್ಲಿ ಪಕ್ಕದ ಗ್ರಾಂಥಮ್ ಎಷ್ಟು ಕೊಚ್ಚಿಹೋಯಿತೆಂದರೆ ಊರಿನ ಒಂದು ಭಾಗವನ್ನೇ ಗುಡ್ಡದ ಮೇಲಕ್ಕೆ ಸಾಗಿಸಿದರು. ಹುಲ್ಲಿನಲ್ಲಿ ನಡೆಯುವಾಗ ಹಾವಿನ ಮೇಲೆ ಕಣ್ಣಿರಲಿ, ಈಸ್ಟರ್ನ್ ಬ್ರೌನ್ ನಮ್ಮ ನಾಗರದಷ್ಟೂ ಮರ್ಯಾದೆಯ ಹಾವಲ್ಲ. ಊರಿಗೆ ಫೋನ್ ಮಾಡುವಾಗ ನಾವು ನಾಲ್ಕೂವರೆ ಗಂಟೆ ಮುಂದಿದ್ದೇವೆ ಅನ್ನುವುದು ನೆನಪಿರಲಿ.

ಜೋಳದ ಹಿಟ್ಟು ಬ್ರಿಸ್ಬೇನಿನ ಭಾರತೀಯ ಅಂಗಡಿಯಲ್ಲಿ ಸಿಗುತ್ತದೆ. ಸುತ್ತ ಹರದಾರಿಗಟ್ಟಲೆ ಜೋಳ ಬೆಳೆದಿರುತ್ತದೆ, ಹೆಚ್ಚೂಕಮ್ಮಿ ಎಲ್ಲ ಕೆಂಪು ಜೋಳ, ದನಕ್ಕೆ ಮತ್ತು ಚೀನಾದ ಸಾರಾಯಿಗೆ. ಒಮ್ಮೆ ಟ್ರಯಲ್ ಮುಗಿದು ಉಳಿದ ಕಾಳು ಬೀಸಿ ರೊಟ್ಟಿ ಬಡಿದೆ. ಬಣ್ಣ ಇಟ್ಟಿಗೆಯ ಹಾಗೆ, ಅಂಚು ಸೀಳಿಕೊಂಡಿತು, ಎಣಗಾಯಿ ಜೊತೆ ತಿಂದೆವು, ಮಕ್ಕಳು ಮುಟ್ಟಲಿಲ್ಲ. ಮರುವಾರವೇ ಬ್ರಿಸ್ಬೇನಿಗೆ ಓಡಿದೆ.

ಬರುವ ದಿನ ತಿಳಿಸಿ. ಕಾಲಿನ ಅಳತೆಯನ್ನೂ ಬರೆಯಿರಿ, ರಬ್ಬರ್ ಬೂಟು ತೆಗೆದಿಡುತ್ತೇನೆ. ಗುದ್ದಲಿ ನನ್ನದನ್ನೇ ಒಯ್ಯಿರಿ, ಹಿಡಿ ಸವೆದು ಕೈಗೆ ಹೊಂದಿಕೊಂಡಿದೆ.